ಲೈವ್ ಸಂಗೀತ ಕಾರ್ಯಕ್ರಮಕ್ಕೆ ಹೋಗಿ ನಿರಾಶೆ ಆಗಿದೆಯಾ? ಆಗಿದ್ದರೆ ತಪ್ಪು ಯಾರದು?

ಆಗಿದೆ, ಚೆನ್ನಾಗಿಯೇ ಆಗಿದೆ. ನಾನಿರುವುದು ರಾಯಚೂರಿನಲ್ಲಿ. ಬೆಂಗಳೂರು, ಧಾರವಾಡದ ಹಾಗೆ ಇಲ್ಲಿ ವಾರ ವಾರ ಕಛೇರಿ ಇರುವುದಿಲ್ಲ. ಉತ್ಸವ, ಜಾತ್ರೆ, ಯಾವುದೋ ಸಂಘದ ವಾರ್ಷಿಕೋತ್ಸವ, ಅಷ್ಟೇ. ಹೀಗಾಗಿ ದೊಡ್ಡ ಹೆಸರಿನವರು ಬರ್ತಾರೆ ಅಂದ್ರೆ ತಿಂಗಳ ಮೊದಲಿಂದ ಕಾಯುತ್ತೇವೆ. ಕಾದಷ್ಟೂ ಸಿಟ್ಟು ಜಾಸ್ತಿ ಬರುತ್ತದೆ.

ತಪ್ಪು ಯಾರದು ಅಂತ ಕೇಳಿದ್ದೀರಲ್ಲ, ಅದಕ್ಕೆ ನನ್ನ ಉತ್ತರ ಇದು: ಬಹಳ ಸಲ ಹಾಡುವವರದಲ್ಲ. ಅವರನ್ನು ಕರೆಸಿ, ಹಾರ ಹಾಕಿ, ಹಾಡಲು ಮಾತ್ರ ಬಿಡದವರದು.

ಕೆಲವು ವರ್ಷದ ಹಿಂದೆ ನಮ್ಮ ಕಡೆ ಒಂದು ಉತ್ಸವಕ್ಕೆ ಒಳ್ಳೆ ಹಿಂದೂಸ್ತಾನಿ ಗಾಯಕರೊಬ್ಬರು ಬಂದಿದ್ದರು. ಉತ್ಸವದ ಹೆಸರು, ಅವರ ಹೆಸರು ಎರಡೂ ಬೇಡ. ಕಾರ್ಡಿನಲ್ಲಿ ಸಂಜೆ 6.30 ಅಂತ ಅಚ್ಚಾಗಿತ್ತು. ಆರೂವರೆ ಅಂದ್ರೆ ಏಳೂವರೆ ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಏಳೂವರೆಗೂ ವೇದಿಕೆ ಮೇಲೆ ಇದ್ದದ್ದು ಹೂವು ಕಟ್ಟುವವರು ಮತ್ತು 'ಹಲೋ, ಮೈಕ್ ಟೆಸ್ಟಿಂಗ್' ಅನ್ನುವ ಒಬ್ಬ ಹುಡುಗ. ಗಣ್ಯರು ಬರುವ ತನಕ ಶುರು ಮಾಡುವ ಹಾಗಿಲ್ಲ. ಗಣ್ಯರು ಆ ಹೊತ್ತಿಗೆ ಇನ್ನೊಂದು ಊರಿನಲ್ಲಿ ಇನ್ನೊಂದು ದೀಪ ಹಚ್ಚುತ್ತಿದ್ದರು.

ಅವರು ಬಂದ ಮೇಲೆ ಗೊತ್ತಲ್ಲ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಉದ್ಘಾಟನಾ ನುಡಿ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ. ಶಾಲು, ಹಾರ, ಪೇಟ, ನೆನಪಿನ ಕಾಣಿಕೆ. ಪ್ರತಿ ಹೆಸರಿಗೂ ಮೊದಲು ನಿರೂಪಕರ ನಾಲ್ಕು ಸಾಲು ಚುಟುಕ. ಒಬ್ಬರು 'ನಾನು ಜಾಸ್ತಿ ಮಾತಾಡೋದಿಲ್ಲ, ನೀವೆಲ್ಲ ಸಂಗೀತ ಕೇಳೋಕೆ ಬಂದಿದ್ದೀರಿ' ಅಂತ ಶುರು ಮಾಡಿದರು. ಈ ಮಾತು ಕಿವಿಗೆ ಬಿದ್ದರೆ ಎದ್ದು ಹೋಗಿ ಒಗ್ಗರಣೆ-ಮಿರ್ಚಿ ತಿಂದು ಬನ್ನಿ. ಅರ್ಧ ಗಂಟೆ ಗ್ಯಾರಂಟಿ.

ಗಾಯಕರು ಬಂದು ಕೂತಾಗ ಒಂಬತ್ತೂಕಾಲು ದಾಟಿತ್ತು. ಇನ್ನೊಂದು ಲೆಕ್ಕವೂ ಇತ್ತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಉತ್ಸವಗಳಿಗೆ ಅಂತ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡುವ ಅಧಿಕಾರ ಸರ್ಕಾರಕ್ಕೆ ಇದೆ. ಅವತ್ತು ಆ ಸಡಿಲಿಕೆ ಇರಲಿಲ್ಲ. ಹತ್ತಕ್ಕೆ ಪೊಲೀಸರು ವೇದಿಕೆ ಪಕ್ಕ ಬಂದು ನಿಂತರೆ ಅವರನ್ನು ಬೈಯುವುದು ಹೇಗೆ? ನಿಯಮ ಸರಿಯಾಗಿಯೇ ಇದೆ. ಪಕ್ಕದ ಓಣಿಯಲ್ಲಿ ಪರೀಕ್ಷೆಗೆ ಓದುವ ಮಕ್ಕಳೂ ಇರ್ತಾರೆ. ಆದರೆ ಭಾಷಣಕ್ಕೆ ಗಡಿಯಾರ ಇಲ್ಲದೆ ಹಾಡಿಗೆ ಮಾತ್ರ ಇದ್ದರೆ ಅದು ಯಾವ ನ್ಯಾಯ?

ಹಿಂದೂಸ್ತಾನಿಯಲ್ಲಿ ಹೊತ್ತಿಗೂ ರಾಗಕ್ಕೂ ಸಂಬಂಧ ಇದೆ. ಮಾರವಾ, ಪೂರಿಯಾ ಹೊತ್ತು ಮುಳುಗುವಾಗಿನವು. ಅದು ಮುಗಿದ ಮೇಲೆ ಯಮನ್. ಆರೂವರೆ ಅಂತ ನಂಬಿ ಬಂದ ಗಾಯಕರ ಮನಸ್ಸಿನಲ್ಲಿ ಇಂಥದ್ದೇ ಏನೋ ಇದ್ದಿರಬೇಕು. ಅವತ್ತು ತಡವಾಗಿದ್ದಕ್ಕೆ ಅವರು ರಾತ್ರಿಯ ರಾಗ ಬಾಗೇಶ್ರೀ ತೆಗೆದುಕೊಂಡರು. ನಿಧಾನ ಗತಿಯ ವಿಲಂಬಿತ ಏಕತಾಳದ ಒಂದು ಆವರ್ತನಕ್ಕೇ, ಅಂದ್ರೆ ತಾಳದ ಒಂದು ಸುತ್ತಿಗೇ, ಮುಕ್ಕಾಲು ನಿಮಿಷ ಬೇಕು. ರಾಗ ಬಿಚ್ಚಿಕೊಳ್ಳಲು ಮುಕ್ಕಾಲು ಗಂಟೆಯಾದರೂ ಬೇಡವಾ? ಇನ್ನೂ ಮಧ್ಯ ಸಪ್ತಕದಲ್ಲಿ ನಿಧಾನ ಓಡಾಡುತ್ತಿದ್ದರು, ಅಷ್ಟರಲ್ಲಿ ಕೆಳಗಿಂದ ಒಂದು ಚೀಟಿ ಹೋಯಿತು. ಅವರು ಓದಿದರು, ತಬಲಾದವರ ಕಡೆ ನೋಡಿ ಸಣ್ಣಗೆ ನಕ್ಕರು, ಎರಡು ತಾನ್ (ವೇಗದ ಸ್ವರಗಳ ಓಟ) ಹೊಡೆದು ಮುಗಿಸಿದರು. ಒಂದು ವಚನ ಭೈರವಿಯಲ್ಲಿ ಹಾಡಿ ಕೈ ಮುಗಿದು ಎದ್ದರು. ಆ ವಚನ ಮಾತ್ರ, ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ಅದಕ್ಕೇ ಹೊಟ್ಟೆ ಉರಿ ಇನ್ನೂ ಜಾಸ್ತಿ.

ಇದರ ಮೇಲೆ ಸೌಂಡ್. ಈ ವಿಷಯ ನಾನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಬಯಲು ಕಾರ್ಯಕ್ರಮ ಕೆಡುವುದು ಹೆಚ್ಚಾಗಿ ಇಲ್ಲೇ.

ಮೈದಾನ ದೊಡ್ಡದಿದ್ದರೆ ವೇದಿಕೆ ಪಕ್ಕದ ಸ್ಪೀಕರ್ ಸಾಲದು ಅಂತ ಮಧ್ಯದಲ್ಲೂ ಸ್ಪೀಕರ್ ನಿಲ್ಲಿಸುತ್ತಾರೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ತಂತಿಯಲ್ಲಿ ಹೋಗುವ ಸಿಗ್ನಲ್‌ಗೆ ಆ ತಡ ಇಲ್ಲ. 70 ಮೀಟರ್ ಹಿಂದಿನ ಸ್ಪೀಕರ್ ಪಕ್ಕ ಕೂತವರಿಗೆ ಹತ್ತಿರದ ಸ್ಪೀಕರ್‌ನಿಂದ ಮಾತು ಮೊದಲು ಬರುತ್ತದೆ, ವೇದಿಕೆಯಿಂದ ಅದೇ ಮಾತು ಸೆಕೆಂಡಿನ ಐದನೇ ಒಂದು ಭಾಗ ತಡವಾಗಿ ಬರುತ್ತದೆ. ಒಂದೊಂದು ಪೆಟ್ಟೂ ಎರಡು ಸಲ ಕೇಳುತ್ತದೆ. ದ್ರುತ್‌ನಲ್ಲಿ, ಅಂದ್ರೆ ವೇಗದ ಗತಿಯಲ್ಲಿ, ತಬಲಾ ಕೇಳಿದರೆ ಇಬ್ಬರು ಜಗಳ ಆಡುತ್ತಿದ್ದಾರೇನೋ ಅನ್ನಿಸುತ್ತದೆ. ಇದಕ್ಕೆ ಮದ್ದು ಇದೆ. ಹಿಂದಿನ ಸ್ಪೀಕರ್‌ಗೆ ಹೋಗುವ ಸಿಗ್ನಲ್ಲನ್ನು ಅಷ್ಟೇ ತಡ ಮಾಡಿದರೆ (ಡಿಲೇ ಕೊಟ್ಟರೆ) ಮುಗಿಯಿತು. ಸೌಂಡ್ ಹೊಂದಿಸುವ ಮಿಕ್ಸರ್‌ನಲ್ಲಿ ಮಾಡುವ ಕೆಲಸ, ಹೆಚ್ಚು ಖರ್ಚೇನಿಲ್ಲ. ಮಾಡುವವರು ಬೇಕು, ಮಾಡಲು ಸಮಯ ಬೇಕು. ಸೌಂಡ್ ಚೆಕ್ ಸಮಯವನ್ನೆಲ್ಲ ಹೂವಿನವರೇ ತಿಂದರೆ ಇವರೇನು ಮಾಡ್ತಾರೆ?

ನಮ್ಮ ಸೌಂಡ್‌ನವರಿಗೆ ಹೆಚ್ಚಿನ ಕೆಲಸ ಗಣಪತಿ ಮೆರವಣಿಗೆ, ಮದುವೆಯದ್ದು. ಹೀಗಾಗಿ ಬೇಸ್ ಯಾವಾಗಲೂ ಮೇಲೆ. ಖಯಾಲ್ ಅನ್ನುವ ಹಿಂದೂಸ್ತಾನಿ ಹಾಡಿಕೆಗೂ ಅದೇ ಸೆಟ್ಟಿಂಗ್. ತಬಲಾದ ಬಾಯಾ (ಎಡಗೈಯ ದಪ್ಪ ದನಿಯದು) ಎದೆಗೆ ಗುದ್ದುತ್ತದೆ, ತಂಬೂರಿ ಎಲ್ಲಿದೆಯೋ ಗೊತ್ತಾಗುವುದಿಲ್ಲ. ಅವತ್ತು ಹಿಂದೆ ಜನರೇಟರ್ ಬೇರೆ ಗುಂಯ್ ಅನ್ನುತ್ತಿತ್ತು. ಅದರದ್ದೇ ಒಂದು ಶ್ರುತಿ, ಗಾಯಕರ ಷಡ್ಜಕ್ಕೆ, ಅಂದ್ರೆ 'ಸ'ಕ್ಕೆ, ಸ್ವಲ್ಪವೂ ಹೊಂದದ್ದು. ಮೇಲೆ ಯಾರೋ ಮಹಾರಾಯರು ಗಾಯಕರ ಮೈಕಿಗೆ ಎಕೋ ಏರಿಸಿದ್ದರು, ಭಕ್ತಿಗೀತೆಯ ಕ್ಯಾಸೆಟ್ ತರಹ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಎಲ್ಲಿ ಮುಗಿಯಿತು, ಎಕೋ ಎಲ್ಲಿ ಶುರು ಆಯಿತು, ಯಾರಿಗೆ ಗೊತ್ತು? ಚಳಿಗಾಲದ ರಾತ್ರಿ ಇಬ್ಬನಿಗೆ ತಬಲಾದ ತೊಗಲು ತೇವ ಹಿಡಿದು ಸಡಿಲ ಆಗುತ್ತದೆ, ಶ್ರುತಿ ಇಳಿಯುತ್ತದೆ. ಪಾಪ ತಬಲಾದವರು ಸುತ್ತಿಗೆಯಿಂದ ಮತ್ತೆ ಮತ್ತೆ ಏರಿಸುತ್ತಿದ್ದರು. ಇದ್ದ ಸಮಯದಲ್ಲಿ ಅದಕ್ಕೂ ಒಂದಿಷ್ಟು ಹೋಯಿತು. ಹಿಂದಿನ ಸಾಲಿನವರು 'ಏನ್ರೀ, ಇನ್ನೂ ರಿಪೇರಿನೇ ನಡೆದೈತಲ್ಲ' ಅಂದರು. ನಗು ಬಂತು, ತಡೆದುಕೊಂಡೆ.

ಹಾಡುವವರದೇ ತಪ್ಪು ಇರುವ ಕಾರ್ಯಕ್ರಮವೂ ನೋಡಿದ್ದೇನೆ. ಅದು ಟಿಕೆಟ್ ಇಟ್ಟ ಸಿನಿಮಾ ಹಾಡಿನ ರಾತ್ರಿ, ಬಳ್ಳಾರಿಯಲ್ಲಿ. ಹಾಡು ಅರ್ಧ ಆಗಿದೆ, ಗಾಯಕರು ಮೈಕನ್ನು ಜನರ ಕಡೆ ಚಾಚಿ 'ನೀವು ಹಾಡಿ' ಅಂದರು. ನಾವು ಬಾಯಿ ತೆರೆಯುವ ಮೊದಲೇ ಸ್ಪೀಕರ್‌ನಲ್ಲಿ ಅವರ ದನಿ ಮುಂದುವರಿಯಿತು! ರೆಕಾರ್ಡಿಂಗ್ ಹಚ್ಚಿದ್ದರು. ಸಂಗೀತ ಮಾತ್ರ ಇರುವ ಟ್ರ್ಯಾಕ್ ಇಟ್ಟುಕೊಂಡು ಮೇಲೆ ಸ್ವಂತ ದನಿಯಲ್ಲಿ ಹಾಡಿದರೆ ನನ್ನ ತಕರಾರಿಲ್ಲ. ನಲವತ್ತು ಜನರ ವಾದ್ಯಗೋಷ್ಠಿಯನ್ನು ಊರೂರಿಗೆ ಕರೆತರುವುದು ಆಗದ ಮಾತು. ಕುಣಿಯುತ್ತಾ ಹಾಡುವವರು ಕೋರಸ್‌ಗೆ ಟ್ರ್ಯಾಕ್ ಹಾಕಿಕೊಂಡರೂ ಸರಿ. ಆದರೆ ನಿಂತಲ್ಲೇ ನಿಂತು ತುಟಿ ಮಾತ್ರ ಆಡಿಸಿದರೆ? ಆ ದುಡ್ಡಿಗೆ ಒಳ್ಳೆ ಇಯರ್‌ಫೋನ್ ಬರುತ್ತಿತ್ತು. ಇದರ ಬಗ್ಗೆ ಇಷ್ಟು ಸಾಕು.

ಇಂಥ ಮಾತು ಎತ್ತಿದರೆ ಸಂಘಟಕರ ಉತ್ತರ ಒಂದೇ: 'ಇಲ್ಲಿನ ಜನಕ್ಕೆ ಶಾಸ್ತ್ರೀಯ ಕೇಳೋ ತಾಳ್ಮೆ ಇಲ್ಲರೀ.' ನನಗೆ ಇದನ್ನು ಒಪ್ಪೋಕೆ ಆಗುವುದಿಲ್ಲ. ಹಿಂದೂಸ್ತಾನಿ ಗಾಯಕ ಪಂಡಿತ ಸಿದ್ಧರಾಮ ಜಂಬಲದಿನ್ನಿ ಇದೇ ಜಿಲ್ಲೆಯವರು. ಅವರ ಹೆಸರಿನ ರಂಗಮಂದಿರ ರಾಯಚೂರಿನಲ್ಲೇ ಇದೆ. ಕೀರ್ತನೆ ಹಾಡಿದ ಹರಿದಾಸರಾದ ವಿಜಯದಾಸರು, ಗೋಪಾಲದಾಸರು, ಜಗನ್ನಾಥದಾಸರು ಹುಟ್ಟಿದ ಸೀಮೆ ಇದು. ಮುದಗಲ್‌ನಲ್ಲಿ ಮೊಹರಂ ಹಾಡು ಕೇಳುತ್ತಾ ಜನ ರಾತ್ರಿ ನಿಂತೇ ಇರುತ್ತಾರೆ. ಹಳ್ಳಿಗಳಲ್ಲಿ ಬಯಲಾಟ ಮುಗಿಯುವುದು ಬೆಳಕು ಹರಿದ ಮೇಲೆ. ಇವರಿಗೆ ತಾಳ್ಮೆ ಇಲ್ಲವಾ? ತಾಳ್ಮೆ ಹೋಗುವುದು ಮೂರನೇ ಭಾಷಣದ ಹೊತ್ತಿಗೆ. ಗಾಯಕರು ಬಂದಾಗ ಅರ್ಧ ಕುರ್ಚಿ ಖಾಲಿ. ಅದನ್ನು ತೋರಿಸಿ 'ನೋಡಿ, ಜನಾನೇ ಇಲ್ಲ' ಅಂತಾರೆ.

ನನಗೆ ತೃಪ್ತಿ ಕೊಟ್ಟ ಕಾರ್ಯಕ್ರಮಗಳೆಲ್ಲ ಸಣ್ಣವು. ಮಠದ ಹಾಲ್, ನೂರು ಜನ, ಒಂದೆರಡು ಮೈಕ್, ಮೊದಲು ಹಾಡು, ಆಮೇಲೆ ಸನ್ಮಾನ. ಒಳಾಂಗಣ ಸಭಾಂಗಣಕ್ಕೆ ಆ 10 ಗಂಟೆಯ ನಿಯಮ ಅಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದೂ ಇಲ್ಲ.

ನೀವು ಮುಂದೆ ಬಯಲು ಕಾರ್ಯಕ್ರಮಕ್ಕೆ ಹೋಗುವುದಾದರೆ ಮೊದಲ ಸಾಲಿನ ಸೋಫಾಗೆ ಆಸೆ ಪಡಬೇಡಿ. ಅಲ್ಲಿ ಬೇಸ್ ಮುಖಕ್ಕೇ ಬಡಿಯುತ್ತದೆ, ಜೊತೆಗೆ ಗಣ್ಯರು ಎದ್ದು ಹೋಗುವ ಗದ್ದಲ. ಮಿಕ್ಸರ್ ಟೇಬಲ್ ಎಲ್ಲಿದೆ ನೋಡಿ, ಅದರ ಹತ್ತಿರ ಕೂರಿ. ಸೌಂಡ್‌ನವರು ಸರಿ ಮಾಡುವುದು ತಮಗೆ ಕೇಳಿಸುವ ಜಾಗಕ್ಕೆ. ಕಿವಿಗೆ ತೊಂದರೆ ಆದರೆ ಅಲ್ಲೇ ಬಗ್ಗಿ 'ಅಣ್ಣಾ, ಎಕೋ ಸ್ವಲ್ಪ ಇಳಿಸ್ರಿ' ಅನ್ನಬಹುದು. ನಾನು ಅಂದಿದ್ದೇನೆ, ಇಳಿಸಿದ್ದಾರೆ ಕೂಡ. ಟಿಕೆಟ್ ಇದ್ದರೆ ಕೊಳ್ಳುವ ಮೊದಲು ವಾದ್ಯದವರು ಯಾರ್ಯಾರು ಬರ್ತಾರೆ ಅಂತ ಫೋನ್ ಮಾಡಿ ಕೇಳಿ. 'ಎಲ್ಲಾ ಬರ್ತಾರೆ ಸಾರ್' ಅಂದು ಒಬ್ಬರ ಹೆಸರೂ ಹೇಳದಿದ್ದರೆ ಆ ದುಡ್ಡು ಜೇಬಿನಲ್ಲೇ ಇರಲಿ.