ಮೊದಲು ಪ್ಲೇ, ಆಮೇಲೆ ಟೋ: ನಿಮ್ಮ ಲೇಖನ ಓದಿದ ಮೇಲೆ

ನಮಸ್ಕಾರ,

ಆರ್‌ಸಿ ಕಾರಿನ (ರಿಮೋಟ್‌ನಲ್ಲಿ ಓಡುವ ಚಿಕ್ಕ ಕಾರು) ಸಸ್ಪೆನ್ಷನ್ ಮತ್ತು ಸ್ಟೀರಿಂಗ್ ಹೊಂದಿಸುವ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಪಕ್ಕದಲ್ಲಿ ಗಾಡಿಯೇ ಇತ್ತು. ನೀವು ಬರೆದಿರುವ ಅದೇ ಗಾಡಿ, ಜಪಾನಿನ ತಮಿಯಾ ಕಂಪನಿಯ ಟಿಟಿ-02, ನಮ್ಮ ಅಕ್ಕನ ಮಗನ ಹತ್ತಿರ ಇದೆ. ಭಾನುವಾರ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಗಾಡಿ ಇಟ್ಟು, ನಾನು ನಿಮ್ಮ ಒಂದೊಂದೇ ವಾಕ್ಯ ಓದೋದು, ಅವನು ಹಾಗೇ ಮಾಡೋದು ಅಂತ ಮಧ್ಯಾಹ್ನ ಪೂರ್ತಿ ಕೂತೆವು.

ನೇರವಾಗಿ ಹೇಳ್ತೀನಿ. ಈಗಿರುವ ಹಾಗೆ ಇದನ್ನು ಪ್ರಕಟಿಸೋಕೆ ಆಗಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕ್ತೀನಿ. ನಿಮಗೆ ಈ ಕೆಲಸ ಗೊತ್ತಿದೆ, ಅದು ಒಂದೇ ಒಂದು ಕಡೆ ಎದ್ದು ಕಾಣುತ್ತೆ. ಉಳಿದ ಕಡೆ ನೀವು ಯಾರದೋ ಸೆಟಪ್ ಶೀಟ್ (ಅಳತೆಗಳ ಪಟ್ಟಿ) ಮುಂದಿಟ್ಟುಕೊಂಡು ಬರೆದ ಹಾಗಿದೆ.

ಆ ಒಂದು ಕಡೆ ಯಾವುದು ಅಂತ ಮೊದಲು ಹೇಳಿಬಿಡ್ತೀನಿ. ಹನ್ನೊಂದನೇ ಪುಟ, ಕೊನೆಯಿಂದ ಎರಡನೇ ಪ್ಯಾರಾ. ನಿಮ್ಮ ಗಾಡಿ ಒಂದು ಸಲ ನೇರ ಹೋಗುತ್ತೆ, ಇನ್ನೊಂದು ಸಲ ಎಡಕ್ಕೆ ಎಳೆಯುತ್ತೆ. ನೀವು ರಿಮೋಟ್‌ನಲ್ಲಿ ಟ್ರಿಮ್ (ಸ್ಟೀರಿಂಗ್ ನಡು ಸರಿ ಮಾಡುವ ಗುಂಡಿ) ಎರಡು ಕ್ಲಿಕ್ ಬಲಕ್ಕೆ ತಿರುಗಿಸ್ತೀರಿ. ಸರಿ ಹೋಯ್ತು ಅನ್ನುವಷ್ಟರಲ್ಲಿ ಅದು ಬಲಕ್ಕೆ ಹೋಗುತ್ತೆ. ಎರಡು ಭಾನುವಾರ ಹೀಗೇ ಕಳೀತು. ಮೂರನೇ ಭಾನುವಾರ ಗಾಡಿ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಮುಂದಿನ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಿರಿ. ಟಕ್ ಟಕ್ ಅಂತು. ಸರ್ವೋ, ಅಂದರೆ ಸ್ಟೀರಿಂಗ್ ತಿರುಗಿಸುವ ಮೋಟರ್, ಅಲ್ಲಾಡುತ್ತಿಲ್ಲ, ಚಕ್ರ ಮಾತ್ರ ಅಲ್ಲಾಡುತ್ತಿದೆ. ಸರ್ವೋದಿಂದ ಚಕ್ರಕ್ಕೆ ಚಲನೆ ಸಾಗಿಸುವ ಕ್ರ್ಯಾಂಕ್ ಬಿಚ್ಚಿ ನೋಡಿದರೆ ಪ್ಲಾಸ್ಟಿಕ್ ಬುಶ್‌ನಲ್ಲಿ ಪ್ಲೇ, ಅಂದರೆ ಸಡಿಲ.

ಇದು ಓದಿದಾಗ ನಾವಿಬ್ಬರೂ ಏನೂ ಮಾತಾಡದೆ ನಮ್ಮ ಗಾಡಿಯ ಚಕ್ರ ಹಿಡಿದು ಅಲ್ಲಾಡಿಸಿದೆವು. ಟಕ್ ಟಕ್.

ಓದುವವರ ಕೈ ತಾನಾಗೇ ಗಾಡಿ ಕಡೆ ಹೋಗಬೇಕು ಅಂದರೆ ಹೀಗೆ ಬರೀಬೇಕು. ಇಂಥದ್ದನ್ನು ನೀವು ಹನ್ನೊಂದನೇ ಪುಟದಲ್ಲಿ ಇಟ್ಟಿದ್ದೀರಿ, ಅದೂ 'ಇತರ ಸಮಸ್ಯೆಗಳು' ಅನ್ನೋ ತಲೆಬರಹದ ಕೆಳಗೆ. ಅದು ಮೊದಲ ಪುಟಕ್ಕೆ ಬರಬೇಕು. ಚೆನ್ನಾಗಿದೆ ಅನ್ನೋದು ಒಂದು ಕಾರಣ ಅಷ್ಟೇ, ಕೆಲಸದ ಕ್ರಮವೇ ಅದು ಅನ್ನೋದು ದೊಡ್ಡ ಕಾರಣ. ಮೂರನೇ ಪುಟದಲ್ಲಿ ನೀವು ಟೋ (ಮೇಲಿಂದ ನೋಡಿದಾಗ ಚಕ್ರದ ಮೂತಿ ಒಳಗೋ ಹೊರಗೋ ತಿರುಗಿರೋದು) ಅರ್ಧ ಡಿಗ್ರಿ ಹೊರಗೆ ಇಡಿ ಅಂತ ಬರೆದಿದ್ದೀರಿ ಅಲ್ವಾ? ಲೆಕ್ಕ ಹಾಕಿ ನೋಡಿ. ಟಿಟಿ-02 ಥರದ ಟೂರಿಂಗ್ ಕಾರಿನ ಚಕ್ರ ಟೈರ್ ಸೇರಿ ಸುಮಾರು 63 ಮಿ.ಮೀ. ವ್ಯಾಸ. ಅದರ ಮುಂದಿನ ಅಂಚು ಪ್ಲೇ ಇಂದ 1 ಮಿ.ಮೀ. ಆಚೀಚೆ ಆದರೆ ಚಕ್ರ ಹೆಚ್ಚುಕಡಿಮೆ 2 ಡಿಗ್ರಿ ತಿರುಗಿದ ಹಾಗೆ. ತಾನಾಗೇ 2 ಡಿಗ್ರಿ ಓಲಾಡುವ ಚಕ್ರಕ್ಕೆ ಅರ್ಧ ಡಿಗ್ರಿ ಟೋ ಹೇಗೆ ಇಡೋದು? ಅಳೆದಾಗ ಒಂದು ಬರುತ್ತೆ, ನೆಲಕ್ಕೆ ಇಟ್ಟು ಒಂದು ಸುತ್ತು ಓಡಿಸಿದರೆ ಇನ್ನೊಂದು ಬರುತ್ತೆ. ನಿಮ್ಮ ಮೂರನೇ ಪುಟ ನಂಬಿ ಕೆಲಸ ಶುರು ಮಾಡಿದವರು ಟೈ ರಾಡ್ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಕೊನೆಗೆ ಹನ್ನೊಂದನೇ ಪುಟಕ್ಕೆ ಬಂದಾಗ ಸಿಟ್ಟು ಮಾಡ್ಕೋತಾರೆ.

ಆದ್ದರಿಂದ ನಿಮ್ಮ ಕೈ ಯಾವ ಕ್ರಮದಲ್ಲಿ ಕೆಲಸ ಮಾಡಿತೋ ಅದೇ ಕ್ರಮದಲ್ಲಿ ಬರೆಯಿರಿ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರೋದು), ಕ್ಯಾಸ್ಟರ್, ಟೋ, ಡ್ರೂಪ್ ಅಂತ ಪಟ್ಟಿಯಲ್ಲಿ ಇರುವ ಕ್ರಮ ಬೇಡ. ಮೊದಲು ಪ್ಲೇ ತೆಗೆದಿರಿ, ಆಮೇಲೆ ಸರ್ವೋ ನಡುವೆ ತಂದಿರಿ, ಆಮೇಲೆ ಟೋ. ಷಿಮ್ (ತೆಳು ವಾಷರ್) ಹಾಕಿ ಪ್ಲೇ ತೆಗೆದೆ ಅಂತ ಒಂದೇ ಸಾಲು ಬರೆದಿದ್ದೀರಿ, ಅಲ್ಲಿ ಸ್ವಲ್ಪ ನಿಲ್ಲಿ. ಎಷ್ಟು ದಪ್ಪದ ಷಿಮ್? ಎಷ್ಟು ಹಾಕಿದರೆ ಜಾಸ್ತಿ ಆಯ್ತು? ಷಿಮ್ ಜಾಸ್ತಿಯಾದರೆ ಕ್ರ್ಯಾಂಕ್ ಬಿಗಿಯಾಗಿ ಚಕ್ರ ನಡುವಿಗೆ ವಾಪಸ್ ಬರೋದೇ ಇಲ್ಲ, ಅದು ಪ್ಲೇಗಿಂತ ಕೆಟ್ಟದ್ದು. ಸರ್ವೋದ ರಾಡ್ ಕಳಚಿ, ಚಕ್ರಗಳನ್ನು ಕೈಯಲ್ಲಿ ತಿರುಗಿಸಿದಾಗ ಎಲ್ಲೂ ಹಿಡಿಯದೆ ಸಲೀಸಾಗಿ ತಿರುಗಬೇಕು ಅಂತ ಒಂದು ಮಾತು ಸೇರಿಸಿ.

ಈಗ ನಾವು ಸಿಕ್ಕಿಹಾಕಿಕೊಂಡ ಜಾಗಕ್ಕೆ ಬರ್ತೀನಿ. 'ಸರ್ವೋ ಸೆಂಟರ್ ಮಾಡಿ ಹಾರ್ನ್ ಜೋಡಿಸಿ' ಅಂತ ಐದು ಪದದಲ್ಲಿ ಮುಗಿಸಿದ್ದೀರಿ. ಹಾರ್ನ್ ಅಂದರೆ ಸರ್ವೋದ ತಲೆಗೆ ಕೂರುವ ಚಿಕ್ಕ ತೋಳು. ಹುಡುಗ ಏನು ಮಾಡಿದ ಗೊತ್ತಾ? ಬ್ಯಾಟರಿ ಇಲ್ಲದೆ, ಹಾರ್ನನ್ನು ಬೆರಳಲ್ಲಿ ತಿರುಗಿಸಿ ಕಣ್ಣಳತೆಯಲ್ಲಿ ನಡುವೆ ತಂದು ಸ್ಕ್ರೂ ಬಿಗಿ ಮಾಡಿದ. ರಿಮೋಟ್ ಆನ್ ಮಾಡಿ ಬ್ಯಾಟರಿ ಕೊಟ್ಟ ತಕ್ಷಣ ಸರ್ವೋ ತನ್ನ ನಡುವಿಗೆ ಹೋಯ್ತು, ಎರಡೂ ಚಕ್ರ ಬಲಕ್ಕೆ ತಿರುಗಿ ಗುಂಯ್ ಅಂತ ಸದ್ದು ಮಾಡುತ್ತಾ ನಿಂತವು. ಅವನ ತಪ್ಪಲ್ಲ ಅದು. ನೀವು ಹತ್ತು ಸಲ ಮಾಡಿದ ಕೆಲಸ, ನಿಮಗೆ ಇದನ್ನು ಹೇಳಬೇಕು ಅಂತ ಅನಿಸಿಲ್ಲ. ಮೊದಲ ಸಲ ಮಾಡುವವರಿಗೆ ಬೇಕಾಗಿರೋದು ಇದೇ. ಹಾರ್ನ್ ಕಳಚಿ ಇಡಬೇಕು, ಮೊದಲು ರಿಮೋಟ್ ಆನ್, ಟ್ರಿಮ್ ಸೊನ್ನೆ, ಆಮೇಲೆ ಗಾಡಿಯ ಸ್ವಿಚ್. ಸರ್ವೋ ತಾನೇ ನಡುವೆ ಬಂದು ನಿಲ್ಲುತ್ತೆ. ಆಗ ಹಾರ್ನ್ ಒತ್ತಬೇಕು. ಆಫ್ ಮಾಡುವಾಗ ಉಲ್ಟಾ, ಗಾಡಿ ಮೊದಲು, ರಿಮೋಟ್ ಆಮೇಲೆ.

ಹೀಗೆ ಮಾಡಿದರೂ ಹಾರ್ನ್ ಸ್ವಲ್ಪ ವಾರೆಯಾಗೇ ಕೂತಿತು. ಹುಡುಗ ಬೇಜಾರು ಮಾಡಿಕೊಂಡ. ಅದಕ್ಕೂ ಕಾರಣ ಇದೆ, ನೀವು ಹೇಳಿಲ್ಲ. ಸರ್ವೋದ ತಲೆಯಲ್ಲಿ 25 ಹಲ್ಲು ಇದ್ದರೆ ಒಂದು ಹಲ್ಲಿಗೂ ಇನ್ನೊಂದಕ್ಕೂ 14.4 ಡಿಗ್ರಿ ಅಂತರ. ಹಾಗಾಗಿ ನಿಮಗೆ ಬೇಕಾದ ಜಾಗಕ್ಕಿಂತ 7 ಡಿಗ್ರಿವರೆಗೆ ಆಚೆ ಕೂರುವುದು ಸಹಜ. ಉಳಿದದ್ದನ್ನು ರಿಮೋಟ್‌ನ ಸಬ್ ಟ್ರಿಮ್‌ನಲ್ಲಿ ಸರಿ ಮಾಡಬೇಕು, ಅದಿಲ್ಲದ ರಿಮೋಟ್ ಆದರೆ ರಾಡ್‌ನ ಉದ್ದದಲ್ಲಿ. ಇದೊಂದು ಲೆಕ್ಕ ಇದ್ದಿದ್ದರೆ ಹುಡುಗ ಹಾರ್ನನ್ನು ಆರು ಸಲ ಕಿತ್ತು ಹಾಕ್ತಿರಲಿಲ್ಲ. ಗುಂಯ್ ಅನ್ನೋ ಸದ್ದಿನ ಬಗ್ಗೆಯೂ ಎರಡು ಸಾಲು ಬೇಕು. ಚಕ್ರ ಪೂರ್ತಿ ತಿರುಗಿ ತಡೆಗೆ ಬಡಿದ ಮೇಲೂ ಸರ್ವೋ ಒತ್ತುತ್ತಲೇ ಇದ್ದರೆ ಬಿಸಿಯಾಗಿ ಸುಡುತ್ತೆ. ರಿಮೋಟ್‌ನಲ್ಲಿ ಎಂಡ್ ಪಾಯಿಂಟ್ (ಸರ್ವೋ ಎಷ್ಟು ತಿರುಗಬೇಕು ಅನ್ನೋ ಮಿತಿ) ಅನ್ನು ಸದ್ದು ನಿಲ್ಲುವವರೆಗೆ ಕಡಿಮೆ ಮಾಡಬೇಕು, ಎಡಕ್ಕೂ ಬಲಕ್ಕೂ ಬೇರೆ ಬೇರೆಯಾಗಿ.

ಒಂದು ಸಲಹೆಯನ್ನಂತೂ ನಾನು ಹಾಗೇ ಹಾಕೋಕೆ ಬಿಡೋದೇ ಇಲ್ಲ. ಪ್ಲೇ ಕಡಿಮೆ ಮಾಡೋಕೆ ಸರ್ವೋ ಸೇವರ್ ತೆಗೆದು ನೇರ ಹಾರ್ನ್ ಹಾಕಿ ಅಂದಿದ್ದೀರಿ. ಸೇವರ್ ಒಳಗಿನ ಸ್ಪ್ರಿಂಗ್ ಇರೋದೇ ಚಕ್ರ ಕಲ್ಲಿಗೆ ಬಡಿದಾಗ ಆ ಪೆಟ್ಟು ಸರ್ವೋದ ಹಲ್ಲಿಗೆ ಹೋಗದಿರಲಿ ಅಂತ. ನಿಮ್ಮದು ಮೆಟಲ್ ಗೇರ್ ಸರ್ವೋ ಇರಬಹುದು, ನೀವು ಹುಷಾರಾಗಿ ಓಡಿಸಬಹುದು. ಕಿಟ್ ಜೊತೆ ಕಡಿಮೆ ಬೆಲೆಯ ಪ್ಲಾಸ್ಟಿಕ್ ಗೇರ್ ಸರ್ವೋ ಹಾಕಿದ ಹುಡುಗರು ಇದನ್ನು ಓದಿ ಮಾಡಿದರೆ, ಮೊದಲ ಸಲ ಫುಟ್‌ಪಾತ್ ಅಂಚಿಗೆ ಗುದ್ದಿದಾಗಲೇ ಹಲ್ಲು ಉದುರುತ್ತೆ. ಗಟ್ಟಿ ಸ್ಪ್ರಿಂಗಿನ ಸೇವರ್ ಹಾಕಿ ಅಂತ ಬರೆಯಿರಿ, ಸಾಕು.

ಸಸ್ಪೆನ್ಷನ್ ಭಾಗದಲ್ಲಿ ಒಂದು ತಪ್ಪು ಇದೆ. 'ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡಿದರೆ ಗಾಡಿ ಜಾಸ್ತಿ ತಿರುಗುತ್ತದೆ' ಅಂತ ಬರೆದಿದ್ದೀರಿ. ಸಾಮಾನ್ಯವಾಗಿ ಆಗೋದು ಇದರ ಉಲ್ಟಾ. ಮುಂದೆ ಗಟ್ಟಿಯಾದರೆ ತಿರುವಿನಲ್ಲಿ ಹೊರಗಿನ ಮುಂಚಕ್ರದ ಮೇಲೆ ಭಾರ ಜಾಸ್ತಿ ಬೀಳುತ್ತೆ, ಒಟ್ಟಾರೆ ಮುಂದಿನ ಹಿಡಿತ ಕಡಿಮೆ ಆಗುತ್ತೆ, ಮೂಗು ಹೊರಗೆ ಹೋಗುತ್ತೆ. ಆದರೂ ನೀವು ಸುಮ್ನೆ ಬರೆದಿರಲಾರಿರಿ. ನನ್ನ ಊಹೆ ಏನಂದರೆ, ಗಟ್ಟಿ ಸ್ಪ್ರಿಂಗ್ ಹಾಕಿದಾಗ ಸ್ಟೀರಿಂಗ್ ತಿರುಗಿಸಿದ ಕೂಡಲೇ ಗಾಡಿ ಚುರುಕಾಗಿ ಮೂಗು ತಿರುಗಿಸಿರಬೇಕು, ಅದು ನಿಮ್ಮ ಕಣ್ಣಿಗೆ ಬಿದ್ದಿರಬೇಕು. ಅದು ನಿಜ, ಹಾಗೂ ಆಗುತ್ತೆ. ತಿರುವಿನ ನಡುವೆ ಏನಾಯ್ತು ಅನ್ನೋದನ್ನು ನೀವು ಗಮನಿಸಿಲ್ಲ, ಅಥವಾ ಬರೆದಿಲ್ಲ. ಇನ್ನೊಂದು ಸಲ ಹೋಗಿ ಓಡಿಸಿ. ಬೇರೆ ಏನನ್ನೂ ಮುಟ್ಟಬೇಡಿ, ಮುಂದಿನ ಸ್ಪ್ರಿಂಗ್ ಮಾತ್ರ ಬದಲಿಸಿ, ಅದೇ ತಿರುವಿನಲ್ಲಿ ಹತ್ತು ಸುತ್ತು ಹಾಕಿ. ತಿರುವಿಗೆ ನುಗ್ಗುವಾಗ ಹೇಗಿತ್ತು, ನಡುವೆ ಹೇಗಿತ್ತು, ಆಚೆ ಬರುವಾಗ ಥ್ರಾಟಲ್ ಕೊಟ್ಟರೆ ಹೇಗಿತ್ತು ಅಂತ ಬರೆಯಿರಿ. ನಾನು ಮೇಲೆ ಹೇಳಿದ್ದಕ್ಕೂ ನೀವು ನೋಡಿದ್ದಕ್ಕೂ ಹೊಂದದಿದ್ದರೆ ನೀವು ನೋಡಿದ್ದನ್ನೇ ಬರೆಯಿರಿ, ಯಾವ ನೆಲದ ಮೇಲೆ, ಯಾವ ಟೈರ್ ಅಂತ ಸೇರಿಸಿ.

ನೆಲದ ಮಾತು ಬಂತು. ಗಾಡಿಯ ಹೊಟ್ಟೆ ನೆಲದಿಂದ 5 ಮಿ.ಮೀ. ಎತ್ತರ ಇರಲಿ ಅಂದಿದ್ದೀರಿ. ಅದು ಕಾರ್ಪೆಟ್ ಹಾಸಿದ ರೇಸ್ ಟ್ರ್ಯಾಕಿನ ಅಳತೆ. ನೀವು ಓಡಿಸೋದು ಅಪಾರ್ಟ್‌ಮೆಂಟಿನ ಇಂಟರ್‌ಲಾಕ್ ಟೈಲ್ಸ್ ಮೇಲೆ ಅಂತ ನೀವೇ ಹೇಳಿದ್ದೀರಿ. ಆ ಟೈಲ್ಸಿನ ಏರುತಗ್ಗಿಗೆ 5 ಮಿ.ಮೀ. ಇಟ್ಟರೆ ಹೊಟ್ಟೆ ಕೆರೆಯುತ್ತೆ. ಖಂಡಿತ ನಿಮ್ಮ ಗಾಡಿ ಅಷ್ಟು ಕೆಳಗಿಲ್ಲ. ಅದು ಈಗ ಎಷ್ಟಿದೆ ಅಂತ ಸ್ಕೇಲ್ ಇಟ್ಟು ಅಳೆದು ಆ ಅಂಕಿ ಕೊಡಿ. ಅದೇ ನಮ್ಮ ಓದುಗರಿಗೆ ಬೇಕಾದ ಅಂಕಿ.

ಡ್ಯಾಂಪರ್ (ಶಾಕ್) ಎಣ್ಣೆ ಬಗ್ಗೆ. ಸಾಮಾನ್ಯ ಟಿಟಿ-02 ಕಿಟ್‌ನಲ್ಲಿ ಬರೋದು ಎಣ್ಣೆ ಇಲ್ಲದ ಫ್ರಿಕ್ಷನ್ ಡ್ಯಾಂಪರ್. ನೀವು ಎಣ್ಣೆಯ ಡ್ಯಾಂಪರ್ ಬೇರೆಯಾಗಿ ಕೊಂಡಿದ್ದೀರಿ, ಅದನ್ನು ಹೇಳೋದು ಮರೆತಿದ್ದೀರಿ. ಹೊಸಬರು ಪೆಟ್ಟಿಗೆ ತೆರೆದು ಎಣ್ಣೆ ಎಲ್ಲಿ ಹಾಕೋದು ಅಂತ ಹುಡುಕ್ತಾ ಕೂರ್ತಾರೆ. ಕ್ಯಾಂಬರ್‌ದೂ ಅಷ್ಟೇ, ಉದ್ದ ಹೊಂದಿಸಬಹುದಾದ ಮೇಲಿನ ಆರ್ಮ್ ಬೇರೆ ಕೊಳ್ಳಬೇಕು. ಏನೇನು ಕೊಂಡಿರಿ, ಎಷ್ಟು ಕೊಟ್ಟಿರಿ ಅಂತ ಬರೆಯಿರಿ. ಸಿಲಿಕೋನ್ ಎಣ್ಣೆ ಸಿಗದಿದ್ದರೆ ಹೊಲಿಗೆ ಮಿಷಿನ್ ಎಣ್ಣೆ ಹಾಕಬಹುದು ಅನ್ನೋ ಸಾಲು ತೆಗೆದುಬಿಡಿ. ಅದು ತೀರಾ ತೆಳು, ಪಿಸ್ಟನ್ ತಡೆಯೇ ಇಲ್ಲದೆ ಓಡುತ್ತೆ, ಗಾಡಿ ಕುಣಿಯುತ್ತಲೇ ಇರುತ್ತೆ. ಸಿಲಿಕೋನ್ ಎಣ್ಣೆ ಬಿಸಿಲಿಗೆ ಅಷ್ಟಾಗಿ ತೆಳುವಾಗಲ್ಲ, ಅದಕ್ಕೇ ಅದನ್ನು ಬಳಸೋದು.

'ಎಣ್ಣೆ ತುಂಬಿ ಮುಚ್ಚಳ ಹಾಕಿ' ಅನ್ನೋದು ಕೂಡ ಸರ್ವೋ ಸಾಲಿನ ಹಾಗೇ ಆಗಿದೆ. ನಾವು ತುಂಬಿ ಮುಚ್ಚಿದೆವು, ಒತ್ತಿದರೆ ಪಿಚ್ ಪಿಚ್ ಅಂತು. ಒಳಗೆ ಗಾಳಿ ಉಳಿದಿತ್ತು. ಆಮೇಲೆ ಮತ್ತೆ ತೆರೆದು, ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಮೇಲೆ ಬರೋವರೆಗೆ ಡ್ಯಾಂಪರನ್ನು ಲೋಟದಲ್ಲಿ ನಿಲ್ಲಿಸಿ ಕಾಫಿ ಕುಡಿದು ಬಂದೆವು. ಆಗ ಸರಿ ಹೋಯ್ತು. ಎಡದ್ದು ಬಲದ್ದು ಎರಡನ್ನೂ ಸ್ಪ್ರಿಂಗ್ ಇಲ್ಲದೆ ಒಟ್ಟಿಗೆ ಹಿಡಿದು ಒತ್ತಿ ಬಿಟ್ಟಾಗ ಒಂದೇ ಥರ ವಾಪಸ್ ಬರಬೇಕು. ಇದನ್ನು ನೀವೂ ಮಾಡಿರ್ತೀರಿ, ಬರೆಯಿರಿ.

ಕ್ಯಾಂಬರ್ ಅಳೆಯೋಕೆ ಗೇಜ್ ಬೇಕೇ ಬೇಕು ಅಂತ ಹೆದರಿಸಬೇಡಿ. ಗಾಡಿಯನ್ನು ಸಮವಾದ ಗಾಜಿನ ಮೇಲೆ ಇಟ್ಟು, ಶಾಲೆಯ ಜಾಮಿಟ್ರಿ ಬಾಕ್ಸಿನ ಮೂಲೆಮಟ್ಟ ಚಕ್ರಕ್ಕೆ ಒರಗಿಸಿದರೆ ಸಾಕು. ಮೇಲ್ಗಡೆ 1 ಮಿ.ಮೀ. ಸಂದು ಕಂಡರೆ ಆ 63 ಮಿ.ಮೀ. ಚಕ್ರಕ್ಕೆ ಸುಮಾರು 1 ಡಿಗ್ರಿ.

ಆಕರ್‌ಮನ್ ಬಗ್ಗೆ ಇರುವ ಒಂದೂವರೆ ಪುಟ ಬೇಡ. ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ಸುತ್ತಿನಲ್ಲಿ ಓಡುತ್ತೆ, ಅದಕ್ಕೇ ಅದು ಜಾಸ್ತಿ ತಿರುಗಬೇಕು ಅಂತ ಒಂದು ವಾಕ್ಯ ಸಾಕು. ನೀವು ಅದನ್ನು ಬದಲಿಸೇ ಇಲ್ಲ. ತಮಿಯಾ ಚರಿತ್ರೆಯ ಎರಡು ಪುಟವೂ ಅಷ್ಟೇ. 1946ರಲ್ಲಿ ಶಿಜುವೊಕಾದಲ್ಲಿ ಮರದ ಮಿಲ್ಲಾಗಿ ಶುರುವಾದ ಕಂಪನಿ 1976ರಲ್ಲಿ ತನ್ನ ಮೊದಲ ಆರ್‌ಸಿ ಕಾರು ತಂದಿತು ಅನ್ನೋದು ನನಗೆ ಇಷ್ಟವಾಯ್ತು, ಒಂದೇ ಸಾಲಿನಲ್ಲಿ ಇಟ್ಟುಕೊಳ್ಳಿ. ಉಳಿದದ್ದು ಬೇರೆ ಲೇಖನದ ಸರಕು.

ಭಾಷೆ ಬಗ್ಗೆ ಒಂದು ಮಾತು. 'ಆಘಾತಶಮನಕ', 'ದಿಶಾನಿಯಂತ್ರಣ ವ್ಯವಸ್ಥೆ' ಅಂತೆಲ್ಲ ಬರೆದಿದ್ದೀರಿ. ಕನ್ನಡದಲ್ಲಿ ಬರೀಬೇಕು ಅನ್ನೋ ನಿಮ್ಮ ಪ್ರೀತಿ ನನಗೆ ಅರ್ಥ ಆಗುತ್ತೆ. ಆದರೆ ನಿಮ್ಮ ಬೈಕ್ ಗ್ಯಾರೇಜಿಗೆ ಬಿಟ್ಟಾಗ ಮೆಕ್ಯಾನಿಕ್ ಏನಂತಾರೆ? 'ಶಾಕ್ ಹೋಗಿದೆ ಸರ್, ಬುಶ್ ಸವೆದಿದೆ, ಪ್ಲೇ ಬಂದಿದೆ' ಅಂತಾರೆ. ಅದೂ ಕನ್ನಡವೇ. ನಿಮ್ಮ ಹನ್ನೊಂದನೇ ಪುಟದಲ್ಲಿ ಈ ಮಾತುಗಳೇ ಇವೆ, ಆ ಸಿಟ್ಟಿನಲ್ಲಿ ನಿಮಗೆ ದೊಡ್ಡ ಪದ ಹುಡುಕುವಷ್ಟು ಸಮಯ ಇರಲಿಲ್ಲ ಅನಿಸುತ್ತೆ. ಇಡೀ ಲೇಖನ ಆ ದನಿಯಲ್ಲೇ ಇರಲಿ. ಅಂಡರ್‌ಸ್ಟಿಯರ್ ಅನ್ನೋದನ್ನು ಒಮ್ಮೆ ಹೇಳಿ, ಆಮೇಲೆ 'ಮೂಗು ಹೊರಗೆ ಹೋಗುತ್ತೆ' ಅಂದರೆ ಸಾಕು. ಓವರ್‌ಸ್ಟಿಯರ್‌ಗೆ 'ಹಿಂದೆ ಜಾರುತ್ತೆ'.

1,500 ಪದದ ಒಳಗೆ ಬರೆದು ಕಳಿಸಿ, ಆತುರ ಇಲ್ಲ. ಬಿಚ್ಚಿಟ್ಟ ಕ್ರ್ಯಾಂಕ್ ಮತ್ತು ಷಿಮ್‌ನ ಫೋಟೋ ಹತ್ತಿರದಿಂದ ತೆಗೆದು ಕಳಿಸಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ, ಗಾತ್ರ ಗೊತ್ತಾಗಲಿ. ಇನ್ನೊಂದು. ಪ್ಲೇ ತೆಗೆದ ಮೇಲೆ 'ಗಾಡಿ ನೇರ ಹೋಯಿತು' ಅಂತ ಬರೆದು ನಿಲ್ಲಿಸಿದ್ದೀರಿ. ಮೂರು ಭಾನುವಾರ ಕಾದ ನಮಗೆ ಅಷ್ಟು ಸಾಲದು. ಸ್ಟೀರಿಂಗ್ ಮುಟ್ಟದೆ ಬರೀ ಥ್ರಾಟಲ್ ಕೊಟ್ಟು ಬಿಟ್ಟಾಗ ಅದು ಎಲ್ಲಿಂದ ಹೊರಟು ಎಲ್ಲಿವರೆಗೆ ನೇರ ಹೋಯ್ತು, ಆಗ ಪಕ್ಕದಲ್ಲಿ ಯಾರಿದ್ದರು, ನೀವು ಏನು ಮಾಡಿದಿರಿ?