‘ಜರ್ಮನ್ ಸಿಲ್ವರ್ ನಾಣ್ಯಗಳು’ ಲೇಖನದ ಬಗ್ಗೆ

ನಮಸ್ಕಾರ.

ನಿಮ್ಮ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ಆದರೆ ವಿಷಯ ನಮಗೆ ಬೇಕೇ ಬೇಕು, ತಿದ್ದಿ ಕಳಿಸಿ.

ಮೊದಲು ಶೀರ್ಷಿಕೆ. ಪಾತ್ರೆ ಅಂಗಡಿಯಲ್ಲಿ ‘ಜರ್ಮನ್ ಸಿಲ್ವರ್’ ಎಂದು ಮಾರುವುದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಇಲ್ಲ. ನೀವು ಬರೆದಿರುವುದು ಜರ್ಮನ್ ಸಂಸ್ಥಾನಗಳ ಅಸಲಿ ಬೆಳ್ಳಿ ನಾಣ್ಯಗಳ ಬಗ್ಗೆ.

“ಥಾಲರ್‌ನಲ್ಲಿ 28 ಗ್ರಾಂ ಬೆಳ್ಳಿ ಇರುತ್ತಿತ್ತು” ಎಂದಿದ್ದೀರಿ. ಥಾಲರ್ ಎಂಬ ಈ ದೊಡ್ಡ ಬೆಳ್ಳಿ ನಾಣ್ಯ ಎಲ್ಲಿಯದು, ಯಾವಾಗಿನದು? ಪ್ರಷ್ಯಾ 1750ರಲ್ಲಿ ಒಂದು ಕಲೋನ್ ಮಾರ್ಕ್, ಅಂದರೆ ಸುಮಾರು 233.8 ಗ್ರಾಂ ಶುದ್ಧ ಬೆಳ್ಳಿಗೆ 14 ಥಾಲರ್ ಎಂದು ಗೊತ್ತುಮಾಡಿತು. ತಲಾ 16.7 ಗ್ರಾಂ. 1753ರಲ್ಲಿ ಆಸ್ಟ್ರಿಯಾ, ಬವೇರಿಯಾ ಒಪ್ಪಂದ ಮಾಡಿಕೊಂಡು ಅಷ್ಟೇ ಬೆಳ್ಳಿಗೆ 10 ಎಂದವು: ತಲಾ 23.4 ಗ್ರಾಂ. ನಿಮ್ಮ 28 ಗ್ರಾಂ ಈ ಎರಡನೆಯ ನಾಣ್ಯದ ಒಟ್ಟು ತೂಕ, ಉಳಿದದ್ದು ತಾಮ್ರ. ಹೆಸರು ಒಂದೇ, ಬೆಳ್ಳಿ ಬೇರೆ. ನೀವು ಮೂರು ಪುಟ ರಾಜರ ಮುಖಕ್ಕೆ ಕೊಟ್ಟಿದ್ದೀರಿ. ಅದರಲ್ಲಿ ಎರಡನ್ನು ಈ ಜಗ್ಗಾಟಕ್ಕೆ ಕೊಡಿ. ಆಸ್ಟ್ರಿಯಾ, ಜರ್ಮನ್ ಸಂಸ್ಥಾನಗಳು ಒಟ್ಟಾಗಿ ಮಾಡಿಕೊಂಡ 1857ರ ವಿಯೆನ್ನಾ ಒಪ್ಪಂದದ ಫೆರೈನ್ಸ್‌ಥಾಲರ್ ಮೇಲಂತೂ ಲೆಕ್ಕವನ್ನೇ ಅಚ್ಚು ಹಾಕಿದ್ದಾರೆ: 500 ಗ್ರಾಮಿನ ಒಂದು ಪೌಂಡ್ ಶುದ್ಧ ಬೆಳ್ಳಿಗೆ ಮೂವತ್ತು. ಎಷ್ಟು ಚೆಂದದ ಪುರಾವೆ, ನಿಮ್ಮ ಚಿತ್ರದಲ್ಲೇ ಇದೆ, ನೀವು ಓದಿಲ್ಲ!

ನಾಣ್ಯದ ಮೇಲಿನ “ಬಿ ಅಕ್ಷರವೆಂದರೆ ಹ್ಯಾನೋವರ್ ಟಂಕಸಾಲೆ” ಎಂಬುದು 1866ರ ನಂತರದ ಪ್ರಷ್ಯಾ ನಾಣ್ಯಕ್ಕೆ ಸರಿ, ಎಲ್ಲ ಕಾಲಕ್ಕೂ ಅಲ್ಲ. 1820ರ ಆಸುಪಾಸಿನ ಪ್ರಷ್ಯಾ ನಾಣ್ಯದಲ್ಲಿ ಅದು ಬ್ರೆಸ್ಲಾವ್ ಊರಿನ ಟಂಕಸಾಲೆ.

ನಕಲಿ ಪತ್ತೆಗೆ ಅಯಸ್ಕಾಂತ ಸಾಕೆಂದಿದ್ದೀರಿ. ಸಾಲದು. ಅದು ಕಬ್ಬಿಣದಂಥ ಕೆಲವೇ ಲೋಹಗಳನ್ನು ಹಿಡಿಯುತ್ತದೆ, ಹಿತ್ತಾಳೆಯೂ ಜರ್ಮನ್ ಸಿಲ್ವರೂ ನುಸುಳಿಬಿಡುತ್ತವೆ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಮುಳುಗಿಸಿ. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕವನ್ನು. ತಾಮ್ರ ಸೇರಿ ಒಟ್ಟು 18.52 ಗ್ರಾಮಿನ ಫೆರೈನ್ಸ್‌ಥಾಲರ್ ಅಸಲಿಯಾದರೆ ತಕ್ಕಡಿ ಸುಮಾರು 1.8 ಗ್ರಾಂ ತೋರಿಸಬೇಕು, 2.1 ಬಂದರೆ ಅನುಮಾನಿಸಿ. ಗುಳ್ಳೆ ಅಂಟಿದ್ದರೆ ಅಂಕಿ ತಪ್ಪುತ್ತದೆ. ಅಂಚಿನ ಚಿತ್ರವೂ ಬೇಕು, ಎರಕದ ನಕಲಿಯ ಬೆಸುಗೆ ಗೆರೆ ಕಾಣುವುದು ಅಲ್ಲೇ.

ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಥಾಲರ್ ಮೇಲೆ 1780 ಎಂದಿದ್ದರೆ ಅದು ಆ ವರ್ಷದ್ದೇ ಎಂದು ಬರೆಯಬೇಡಿ. ಅದೇ ಇಸವಿ ಹಾಕಿ ಆಮೇಲೂ ಟಂಕಿಸುತ್ತಲೇ ಬಂದರು. 1940-41ರಲ್ಲಿ ನಮ್ಮ ಮುಂಬಯಿ ಟಂಕಸಾಲೆಯೂ.

ಹುಣಸೆಹಣ್ಣಿನಿಂದ ಉಜ್ಜಿ ಹೊಳಪು ತರುವ ಪ್ಯಾರಾ ಪೂರ್ತಿ ತೆಗೆಯಿರಿ. ಹಳೆಯ ಬೆಳ್ಳಿಯ ಮೇಲಿನ ಕಪ್ಪು ಪದರದ ಜೊತೆ ಮೇಲ್ಮೈಯ ಸೂಕ್ಷ್ಮ ಕೆತ್ತನೆಯೂ ಸವೆಯುತ್ತದೆ, ಹೋದದ್ದು ಮರಳದು. ನಿಮ್ಮನ್ನು ನಂಬಿ ಯಾರಾದರೂ ಅಜ್ಜನ ನಾಣ್ಯ ಉಜ್ಜಿಯಾರು.