ದೌರ್ಜನ್ಯದ ಶಂಕೆ ಇದ್ದಾಗ ಮಗುವನ್ನು ವಿಶೇಷ ಕೇಂದ್ರದಲ್ಲೇ ಮಾತಾಡಿಸುವುದು ಏಕೆ?

ಮಗು ನಡೆದದ್ದನ್ನು ಹತ್ತು ಕಡೆ ಹತ್ತು ಸಲ ಹೇಳುವಂತಾಗಬಾರದು, ಅದಕ್ಕೆ. ಇಂಥ ಮೊದಲ ಕೇಂದ್ರ 1985ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ ಶುರುವಾಯಿತು. ತರಬೇತಿ ಪಡೆದ ಒಬ್ಬರೇ ಮಗುವಿನ ಜೊತೆ ಕೂತು ಮಾತಾಡುತ್ತಾರೆ. ಪೊಲೀಸರು, ಮಕ್ಕಳ ರಕ್ಷಣಾ ಸಿಬ್ಬಂದಿ, ಸರ್ಕಾರಿ ವಕೀಲರು ಬೇರೆ ಕೋಣೆಯಿಂದ ನೋಡುತ್ತಾರೆ.

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ಚಿಕ್ಕ ಮಗು ‘ನಾನು ಹೇಳಿದ್ದು ತಪ್ಪೇನೋ’ ಅಂದುಕೊಂಡು ಉತ್ತರ ಬದಲಿಸಿಬಿಡಬಹುದು. ಆ ವ್ಯತ್ಯಾಸವೇ ಮುಂದೆ ಕೋರ್ಟಿನಲ್ಲಿ ಅದಕ್ಕೆ ಮುಳುವಾಗುತ್ತದೆ. ಹಾಗಾಗಿ ಪ್ರಶ್ನೆ “ಮಾವ ಮುಟ್ಟಿದನಾ?” ಎಂದಲ್ಲ, “ಏನಾಯ್ತು ಹೇಳು ಪುಟ್ಟಾ” ಎಂದಿರುತ್ತದೆ.

ಆತಂಕ ಸಹಜ, ಆದರೂ ಮನೆಯಲ್ಲಿ ದಯವಿಟ್ಟು ಕೆದಕಬೇಡಿ. ಮಗು ಆಡಿದ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕದ ಸಮೇತ ಬರೆದಿಡಿ. ಭಾರತದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.